ಊರಿಗೆ ಹತ್ತು ಸಂಘ, ಕೆರೆ ಮಾತ್ರ ಒಂದೇ: ತೂಬು ಎತ್ತುವ ಮೊದಲು ಕೂತು ಮಾಡಬೇಕಾದ ಲೆಕ್ಕ

ನಿಮ್ಮ ಊರಲ್ಲಿ ಎಷ್ಟು ಸಂಘಗಳಿವೆ ಅಂತ ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ. ಹಾಲಿನ ಡೇರಿ ಒಂದು. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳು ಕಡಿಮೆ ಅಂದ್ರೂ ನಾಲ್ಕೈದು. ಯುವಕ ಸಂಘ, ದೇವಸ್ಥಾನ ಸಮಿತಿ, ಈಚೆಗೆ ಬಂದ ರೈತ ಉತ್ಪಾದಕ ಕಂಪನಿ. ಕೆರೆ ಸ್ವಲ್ಪ ದೊಡ್ಡದಾಗಿದ್ರೆ ಮೀನುಗಾರರ ಸಹಕಾರ ಸಂಘ, ಎಲ್ಲೋ ಕಡತದಲ್ಲಿ ಮಲಗಿರುವ ಕೆರೆ ಬಳಕೆದಾರರ ಸಂಘ. ಸಂಘಗಳಿಗೆ ಬರ ಇಲ್ಲ. ಆದ್ರೆ ಇವರೆಲ್ಲಾ ಒಂದೇ ಜಮಖಾನದ ಮೇಲೆ ಕೂತು ಕೆರೆ ನೀರಿನ ಬಗ್ಗೆ ಮಾತಾಡಿದ್ದು ಯಾವಾಗ ಅಂತ ಕೇಳಿದ್ರೆ ಹಿರಿಯರೂ ತಲೆ ಕೆರೆದುಕೊಳ್ತಾರೆ.

ಈಗ ಹಿಂಗಾರು ಮುಗಿಯುತ್ತಾ ಬಂದಿದೆ. ಕೆರೆಗೆ ಎಷ್ಟು ನೀರು ಬರಬೇಕೋ ಅಷ್ಟು ಬಂದಾಗಿದೆ. ಇನ್ನು ಬೇಸಿಗೆಯವರೆಗೆ ಇಷ್ಟೇ. ಈ ನೀರನ್ನ ಯಾರು, ಯಾವಾಗ, ಯಾವ ಬೆಳೆಗೆ ಬಳಸಬೇಕು ಅನ್ನೋದನ್ನ ಮುಂದಿನ ಮೂರ್ನಾಲ್ಕು ವಾರದಲ್ಲಿ ತೀರ್ಮಾನಿಸದಿದ್ರೆ, ತೀರ್ಮಾನವನ್ನ ರಾತ್ರಿ ಹೊತ್ತು ತೂಬು ಎತ್ತುವವರು ಮಾಡ್ತಾರೆ. ಆಮೇಲೆ ಆಗೋದು ಪೊಲೀಸ್ ಠಾಣೆಯಲ್ಲಿ ಪಂಚಾಯಿತಿ.

ಹಾಗಾಗಿ ಈ ವಾರ ಗೊಬ್ಬರ, ಕೀಟದ ಮಾತು ಬಿಟ್ಟು, ಬೇರೆ ಬೇರೆ ಗುಂಪುಗಳನ್ನ ಒಂದು ಕೆಲಸಕ್ಕೆ ಸೇರಿಸೋದು ಹೇಗೆ ಅಂತ ನೋಡೋಣ. ಉದಾಹರಣೆಗೆ ಕೆರೆಯನ್ನೇ ತಗೊಂಡಿದ್ದೇನೆ. ಕರ್ನಾಟಕದಲ್ಲಿ ಸಣ್ಣದು ದೊಡ್ಡದು ಸೇರಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ನಿಮ್ಮ ಹೊಲದಿಂದ ಬೈಕಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಒಂದಾದ್ರೂ ಇದ್ದೇ ಇರುತ್ತೆ.

ಜಗಳ ಕೆಟ್ಟವರದ್ದಲ್ಲ, ಸರಿ ಇರುವವರದ್ದೇ

"ನಮ್ಮೂರಲ್ಲಿ ಒಗ್ಗಟ್ಟಿಲ್ಲ ಸಾರ್" ಅನ್ನೋ ಮಾತು ಎಲ್ಲಾ ಕಡೆ ಕೇಳಿಸುತ್ತೆ. ನನ್ನ ಪ್ರಕಾರ ಇದು ಅರ್ಧ ಸತ್ಯ. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿ ನೋಡಿ, ಪ್ರತಿಯೊಬ್ಬರ ವಾದವೂ ಅವರವರ ಕಡೆಯಿಂದ ನ್ಯಾಯವಾಗೇ ಇರುತ್ತೆ.

ಅಚ್ಚುಕಟ್ಟಿನಲ್ಲಿ ಗದ್ದೆ ಇರುವವರಿಗೆ ತೂಬು ಎತ್ತಬೇಕು. ಕೆರೆ ಕಟ್ಟಿದ್ದೇ ಅದಕ್ಕೆ ಅಲ್ವಾ ಅಂತಾರೆ. ಕೆರೆಯ ಆಸುಪಾಸಲ್ಲಿ ಬೋರ್‌ವೆಲ್ ಇಟ್ಟುಕೊಂಡು ಅಡಿಕೆ, ತೆಂಗು, ಟೊಮ್ಯಾಟೊ ಬೆಳೆಯುವವರಿಗೆ ತೂಬು ಎತ್ತಲೇಬಾರದು. ನೀರು ನಿಂತಷ್ಟು ದಿನ ಇಂಗುತ್ತೆ, ಬೋರು ಬತ್ತಲ್ಲ. ಮೀನು ಬಿಟ್ಟವರದ್ದು ಇನ್ನೊಂದು ಕತೆ: ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿರ್ತಾರೆ, ಅವು ಮಾರೋ ತೂಕಕ್ಕೆ ಬರೋಕೆ ಹತ್ತು ಹನ್ನೆರಡು ತಿಂಗಳು ಬೇಕು. ಮಾರ್ಚಿಗೆ ಕೆರೆ ಖಾಲಿಯಾದ್ರೆ ಹಾಕಿದ ಬಂಡವಾಳ ಹದ್ದು, ಕೊಕ್ಕರೆಗಳ ಪಾಲು. ದನ ಕುರಿ ಇರುವವರಿಗೆ ಬೇಸಿಗೆಯಲ್ಲಿ ಮಡುವಿನಷ್ಟಾದರೂ ನೀರು ಬೇಕು. ಕೆರೆ ಅಂಗಳದ ಅಂಚಲ್ಲಿ ಉಳುಮೆ ಮಾಡಿಕೊಂಡವರಿಗೆ ಕೆರೆ ತುಂಬದೇ ಇದ್ರೇನೇ ಕ್ಷೇಮ! ಇವರು ಯಾವ ಸಭೆಗೂ ಬರಲ್ಲ, ಆದರೆ ಕೋಡಿಯ ಕಲ್ಲು ಒಂದೊಂದೇ ಕಡಿಮೆ ಆಗ್ತಾ ಹೋಗೋದು ಮಾತ್ರ ನಮಗೆಲ್ಲಾ ಕಾಣುತ್ತೆ.

ಇಲ್ಲಿ "ಎಲ್ಲರೂ ಒಂದಾಗಿ" ಅಂತ ಭಾಷಣ ಮಾಡಿದ್ರೆ ಏನೂ ಆಗಲ್ಲ. ಇವರೆಲ್ಲರ ನಡುವೆ ಇರೋದು ದ್ವೇಷ ಅಲ್ಲ, ಒಂದೇ ನೀರಿನ ಮೇಲೆ ಐದು ಹಕ್ಕು. ಅದನ್ನ ಬಿಡಿಸೋಕೆ ಬೇಕಾದ್ದು ಅಳತೆ.

ಮೊದಲು ನೀರನ್ನ ಅಳೆಯಿರಿ, ಆಮೇಲೆ ಸಭೆ ಕರೆಯಿರಿ

ಹೆಚ್ಚಿನ ಊರುಗಳಲ್ಲಿ ಇದು ತಿರುಗುಮುರುಗು ಆಗುತ್ತೆ. ಸಭೆ ಮೊದಲು, ಜಗಳ ಆಮೇಲೆ, ಲೆಕ್ಕ ಕೊನೆಗೂ ಇಲ್ಲ. ಅಳತೆ ಮಾಡೋಕೆ ದೊಡ್ಡ ಎಂಜಿನಿಯರ್ ಬೇಕಿಲ್ಲ, ಒಂದು ಅಂದಾಜು ಸಾಕು. ತೂಬಿನ ಹತ್ತಿರ ಅಡಿ ಗುರುತು ಹಾಕಿದ ಒಂದು ಕಂಬ ನೆಡಿ, ಅಥವಾ ತೂಬಿನ ಕಲ್ಲುಗಂಬಕ್ಕೇ ಬಣ್ಣದಲ್ಲಿ ಗೀಟು ಎಳೆಯಿರಿ. ನೀರು ನಿಂತ ವಿಸ್ತೀರ್ಣ ಎಷ್ಟು ಎಕರೆ ಅಂತ ಮೊಬೈಲ್ ಜಿಪಿಎಸ್ ಹಿಡಿದು ದಡ ಸುತ್ತಿದ್ರೆ ಗೊತ್ತಾಗುತ್ತೆ. ನಾಲ್ಕಾರು ಕಡೆ ಆಳ ನೋಡೋಕೆ ತೆಪ್ಪ ಇರುವ ಮೀನುಗಾರರನ್ನ ಕರೆಯಿರಿ. (ಇದರಲ್ಲಿ ಇನ್ನೊಂದು ಲಾಭ ಇದೆ: ಅಳತೆಗೆ ಜೊತೆಯಾದವರು ಆಮೇಲೆ ಅಳತೆ ಸುಳ್ಳು ಅನ್ನಲ್ಲ.)

ಒಂದು ಉದಾಹರಣೆ ಹಿಡಿಯೋಣ. ನೀರು ನಿಂತ ಜಾಗ 30 ಎಕರೆ, ಸರಾಸರಿ ಆಳ 4 ಅಡಿ. ಗುಣಿಸಿದ್ರೆ 120 ಎಕರೆ-ಅಡಿ. ಒಂದು ಎಕರೆ ಮೇಲೆ ಒಂದು ಅಡಿ ನೀರು ನಿಂತರೆ ಅದು ಒಂದು ಎಕರೆ-ಅಡಿ, ಸುಮಾರು 12 ಲಕ್ಷ ಲೀಟರ್. ಈ 120ರಲ್ಲಿ ಬೇಸಿಗೆಯವರೆಗೆ ಬಿಸಿಲಿಗೆ ಆವಿಯಾಗಿ, ನೆಲಕ್ಕೆ ಇಂಗಿ 40 ಹೋಯ್ತು ಅಂದುಕೊಳ್ಳಿ. ಮೀನಿಗೂ ದನಕ್ಕೂ ಅಂತ 20 ಮುಟ್ಟೋದೇ ಬೇಡ. ಉಳಿದಿದ್ದು 60.

ಭತ್ತಕ್ಕೆ ಒಂದು ಬೆಳೆಗೆ ಸುಮಾರು 1,200 ಮಿ.ಮೀ. ನೀರು ಬೇಕು, ಅಂದ್ರೆ ಎಕರೆಗೆ ಹತ್ತಿರ ಹತ್ತಿರ 4 ಎಕರೆ-ಅಡಿ. 60ನ್ನ 4ರಿಂದ ಭಾಗಿಸಿ: 15 ಎಕರೆ. ಅದೇ ನೀರಾವರಿ ರಾಗಿಗೆ ಒಂದೂವರೆ ಎಕರೆ-ಅಡಿ ಹಿಡಿದ್ರೂ 40 ಎಕರೆ ಬೆಳೆಯುತ್ತೆ. ಕಾಲುವೆಯಲ್ಲಿ ಸೋರೋದನ್ನ ಕಳೆದ್ರೆ ಎರಡೂ ಅಂಕಿ ಇಳಿಯುತ್ತೆ, ಆದರೆ ಅವುಗಳ ನಡುವಿನ ಅನುಪಾತ ಹಾಗೇ ಇರುತ್ತೆ. ಅಚ್ಚುಕಟ್ಟು 60 ಎಕರೆ ಇದ್ರೆ, ತೂಬಿನ ಬುಡದಲ್ಲಿರುವ ಹದಿನೈದು ಎಕರೆಯವರು ಭತ್ತ ನಾಟಿ ಮಾಡಿದ ದಿನವೇ ಉಳಿದ 45 ಎಕರೆಯವರ ಹಿಂಗಾರಿ ಬೆಳೆ ಮುಗಿದ ಹಾಗೆ. ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಬರೀ ಬೆಳೆ ಆಯ್ಕೆಯಲ್ಲೇ ಆಗಿಹೋಯ್ತು.

ಈ ಲೆಕ್ಕವನ್ನ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಡೇರಿ ಗೋಡೆಗೆ ಅಂಟಿಸಿ. ಯಾಕೆ ಡೇರಿ ಅಂದ್ರೆ, ಊರಿನ ಎಲ್ಲಾ ಜಾತಿ, ಎಲ್ಲಾ ಪಕ್ಷ, ಗಂಡಸರು ಹೆಂಗಸರು ದಿನಕ್ಕೆ ಎರಡು ಸಲ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಲ್ಲೋ ಜಾಗ ಅದೊಂದೇ. ಜೊತೆಗೆ ಅಲ್ಲಿ ಲೀಟರ್, ಫ್ಯಾಟ್, ದುಡ್ಡು ಎಲ್ಲಾ ಅಂಕಿಯಲ್ಲೇ ಮಾತಾಡುತ್ತೆ, ಜನಕ್ಕೆ ಅಭ್ಯಾಸ ಇದೆ. ಸಭೆ ಕರೆಯೋಕೂ ಡೇರಿ ಕಾರ್ಯದರ್ಶಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಪಂಚಾಯಿತಿ ಸದಸ್ಯರು ಕರೆದ್ರೆ ಅರ್ಧ ಊರು ಬರಲ್ಲ, ದೊಡ್ಡ ಗದ್ದೆಯವರು ಕರೆದ್ರೆ ಉಳಿದರ್ಧ ಬರಲ್ಲ.

ಹಿಂದಿನವರು ಹೇಗೆ ಹಂಚ್ತಿದ್ರು

ನಮ್ಮ ಕೆರೆಗಳಿಗೆ ಪದ್ಧತಿ ಇರಲಿಲ್ಲ ಅಂತಲ್ಲ. ಕೆರೆ ಕಟ್ಟಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಬಿಟ್ಟ ಜಮೀನಿನ ಬಗ್ಗೆ ಹಳೆಯ ಶಾಸನಗಳಲ್ಲಿ ದಶವಂದ, ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಹೆಸರುಗಳೇ ಇವೆ. ಅಂದ್ರೆ ದುರಸ್ತಿಯ ಖರ್ಚು ಎಲ್ಲಿಂದ ಬರಬೇಕು ಅನ್ನೋದು ಕೆರೆ ಕಟ್ಟುವಾಗಲೇ ಗೊತ್ತಿರ್ತಿತ್ತು. ತೂಬು ಎತ್ತೋಕೆ ಇಳಿಸೋಕೆ ನೀರುಗಂಟಿ. ಗದ್ದೆಗೆ ನೀರು ಬಿಡುವವನು ಅವನೊಬ್ಬನೇ, ಗದ್ದೆಯ ಒಡೆಯ ಮಡವೆ ಮುಟ್ಟುವ ಹಾಗಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ.

ಕೋಲಾರ ಸೀಮೆಯಲ್ಲಿ, ಆಂಧ್ರದ ಗಡಿ ಕಡೆ "ದಾಮಾಶಾ" ಅಂತ ಇನ್ನೊಂದು ಪದ್ಧತಿ ಇತ್ತು. ಕೆರೆ ಅರ್ಧ ತುಂಬಿದ ವರ್ಷ ಪೂರ್ತಿ ಅಚ್ಚುಕಟ್ಟಿಗೆ ನೀರು ಎಳೆಯೋದು ಬೇಡ ಅಂತ ತೀರ್ಮಾನಿಸಿ, ತೂಬಿಗೆ ಹತ್ತಿರದ ಭಾಗ ಮಾತ್ರ ಬೆಳೆಯೋದು. ಆದರೆ ಆ ಭಾಗವನ್ನ ಅದರ ಒಡೆಯರೇ ಪೂರ್ತಿ ಬೆಳೆಯೋದಲ್ಲ; ಅಚ್ಚುಕಟ್ಟಿನ ಎಲ್ಲಾ ರೈತರಿಗೂ ಅವರವರ ಹಿಡುವಳಿಗೆ ತಕ್ಕ ಹಾಗೆ ಆ ವರ್ಷದ ಮಟ್ಟಿಗೆ ಅಲ್ಲೇ ತುಂಡು ಹಂಚೋದು. ಕೊನೆ ಗದ್ದೆಯವನಿಗೂ ತೂಬಿನ ಬುಡದಲ್ಲಿ ಒಂದು ಪಾಲು. ಕಾಲುವೆ ಉದ್ದಕ್ಕೂ ಸೋರಿ ಹೋಗುವ ನೀರೂ ಉಳೀತು. ಇಂಥದ್ದೊಂದು ಉಪಾಯ ಇವತ್ತು ಯಾವ ಆಪ್‌ನಲ್ಲೂ ಇಲ್ಲ!

ಹಾಗಂತ ಹಳೆಯದೆಲ್ಲಾ ಚಿನ್ನ ಅಂತ ಹೇಳ್ತಿಲ್ಲ. ಹಲವು ಊರುಗಳಲ್ಲಿ ನೀರುಗಂಟಿ ಕೆಲಸ ದಲಿತ ಕುಟುಂಬದವರದ್ದು. ರಾತ್ರಿ ಹಗಲು ಕೆರೆ ಕಾಯೋದು ಅವರು, ನ್ಯಾಯ ತೀರ್ಮಾನದ ಕಟ್ಟೆಯಲ್ಲಿ ಕೂರೋದು ಬೇರೆಯವರು. ಗದ್ದೆ ಇಲ್ಲದವರಿಗೆ ಕೆರೆಯಲ್ಲಿ ಹೇಳಿಕೊಳ್ಳೋ ಹಕ್ಕೇ ಇರಲಿಲ್ಲ. ಆ ಪದ್ಧತಿ ಹಾಗೇ ತಿರುಗಿ ಬರೋದೂ ಬೇಡ. ಹಂಚಿಕೆಯ ಲೆಕ್ಕ ಮಾತ್ರ ತಗೊಳ್ಳಿ.

ಸೋಲುವವರು ಮೊದಲು ಮಾತಾಡಲಿ

ಸಭೆಗೆ ಮುಂಚೆ ಪ್ರತಿ ಗುಂಪಿನ ಹತ್ತಿರ ಬೇರೆ ಬೇರೆಯಾಗಿ ಹೋಗಿ ಬನ್ನಿ. ಎರಡೇ ಪ್ರಶ್ನೆ ಕೇಳಿ: ನಿಮಗೆ ಕನಿಷ್ಠ ಏನು ಬೇಕು? ಯಾವುದು ಆದ್ರೆ ನೀವು ಒಪ್ಪೋದೇ ಇಲ್ಲ? ಮೀನಿನವರಿಗೆ ಕೆರೆ ತುಂಬ ನೀರು ಬೇಕಾಗಿರಲ್ಲ, ಕಂಬದಲ್ಲಿ ಇಂತಿಷ್ಟು ಅಡಿ ಇದ್ರೆ ಸಾಕು ಅಂತಾರೆ. ಬೋರ್‌ವೆಲ್‌ನವರಿಗೂ ತೂಬು ಯಾವತ್ತೂ ಎತ್ತಬಾರದು ಅಂತೇನಿಲ್ಲ, ಏಪ್ರಿಲ್ ದಾಟಿದ್ರೆ ಸಾಕು ಅಂತಾರೆ. "ಬೇಡ" ಅನ್ನೋದು ಅಡಿ ಮತ್ತು ತಾರೀಖಿಗೆ ಇಳಿದ ಕೂಡಲೇ ಮಾತುಕತೆಗೆ ಜಾಗ ಸಿಗುತ್ತೆ.

ಸಭೆಯಲ್ಲಿ ಮಾತಿನ ಸರದಿಯೂ ಮುಖ್ಯ. ದೊಡ್ಡವರು ಮೊದಲು ಮಾತಾಡಿದ್ರೆ ಉಳಿದವರು ತಲೆಯಾಡಿಸಿ ಎದ್ದು ಹೋಗ್ತಾರೆ, ಮಾರನೇ ದಿನ ತೂಬಿನ ಹತ್ತಿರ ತಮ್ಮ ಅಭಿಪ್ರಾಯ ತಿಳಿಸ್ತಾರೆ. ಕೊನೆ ಗದ್ದೆಯವರು, ಕುರಿ ಕಾಯುವವರು, ಮೀನು ಹಿಡಿಯುವವರು ಮೊದಲು. ಹೆಂಗಸರಿಗೆ "ನೀವೂ ಹೇಳಿ" ಅಂತ ಕೊನೆಗೆ ಕೇಳೋ ಬದಲು ಸ್ವಸಹಾಯ ಸಂಘಗಳಿಂದ ಇಬ್ಬರು ಮೂವರನ್ನ ಲೆಕ್ಕ ಬರೆಯೋಕೇ ಕೂರಿಸಿ. ಹತ್ತು ಇಪ್ಪತ್ತು ವರ್ಷದಿಂದ ವಾರ ವಾರ ಉಳಿತಾಯದ ಪುಸ್ತಕ ಬರೆದವರು ಅವರು. ಊರಲ್ಲಿ ಅಷ್ಟು ಚೊಕ್ಕ ಲೆಕ್ಕ ಇಡೋರು ಬೇರೆ ಯಾರಿದ್ದಾರೆ ಹೇಳಿ?

ಗದ್ದೆ ಇಲ್ಲದವರಿಗೆ ಏನು ಸಿಗುತ್ತೆ ಅನ್ನೋದಕ್ಕೆ ಉತ್ತರ ಇಲ್ಲದೆ ಸಭೆಗೆ ಹೋಗಬೇಡಿ. ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಅವರು ಶುರು ಮಾಡಿದ ಪಾನಿ ಪಂಚಾಯತ್ ಈ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿತು. ಅಲ್ಲಿ ನೀರಿನ ಪಾಲು ಜಮೀನಿನ ಮೇಲೆ ಅಲ್ಲ, ಮನೆಯಲ್ಲಿರುವ ತಲೆ ಮೇಲೆ. ತಲೆಗೆ ಅರ್ಧ ಎಕರೆ ನೆನೆಯುವಷ್ಟು, ಒಂದು ಕುಟುಂಬಕ್ಕೆ ಎರಡೂವರೆ ಎಕರೆ ಮೀರುವಂತಿಲ್ಲ, ಕಬ್ಬು ಬೆಳೆಯುವಂತಿಲ್ಲ, ಭೂಮಿ ಇಲ್ಲದವರಿಗೂ ಪಾಲು. ಹರಿಯಾಣದ ಸುಖೋಮಾಜ್ರಿ ಇನ್ನೂ ಕುತೂಹಲದ್ದು. 1970ರ ದಶಕದ ಕೊನೆಯಲ್ಲಿ ಅಲ್ಲಿಯ ಗುಡ್ಡದ ಮಣ್ಣು ಕೊಚ್ಚಿ ಬಂದು ಚಂಡೀಗಢದ ಸುಖ್ನಾ ಕೆರೆಯಲ್ಲಿ ಹೂಳು ತುಂಬ್ತಿತ್ತು. ಗುಡ್ಡದಲ್ಲಿ ದನ, ಆಡು ಮೇಯಿಸೋದು ನಿಲ್ಲಿಸಿ ಅಂದ್ರೆ ಯಾರು ಕೇಳ್ತಾರೆ? ಊರಲ್ಲೇ ಸಣ್ಣ ಕಟ್ಟೆ ಕಟ್ಟಿ, ಆ ನೀರಿನಲ್ಲಿ ಭೂಮಿ ಇಲ್ಲದವರೂ ಸೇರಿ ಪ್ರತಿ ಮನೆಗೂ ಸಮಪಾಲು ಅಂದ ಮೇಲೆ ಜನರೇ ಗುಡ್ಡ ಕಾಯೋಕೆ ನಿಂತರು. ಗದ್ದೆ ಇಲ್ಲದವರು ತಮ್ಮ ಪಾಲಿನ ನೀರನ್ನ ಬೇರೆಯವರಿಗೆ ಕೊಟ್ಟು ಪ್ರತಿಫಲ ಪಡೆಯಬಹುದಿತ್ತು.

ನಮ್ಮ ಕೆರೆಗಳಲ್ಲಿ ಹಾಗೇ ಮಾಡೋಕೆ ಆಗದಿರಬಹುದು. ಆದರೆ ಮೀನಿನ ಹರಾಜಿನ ದುಡ್ಡಲ್ಲಿ ಒಂದು ಭಾಗ, ಅಂಗಳದ ಹುಲ್ಲು, ಹೂಳೆತ್ತುವ ಕೂಲಿ, ಇವುಗಳಲ್ಲಿ ಮೊದಲ ಹಕ್ಕು ಭೂಮಿ ಇಲ್ಲದ ಮನೆಗಳಿಗೆ ಅಂತ ಬರೆಯೋಕೆ ಏನು ಅಡ್ಡಿ?

ಯಾಕೆ ಮಲಗಿದವು ಹಿಂದಿನ ಸಂಘಗಳು

2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘ ಶುರುವಾಗಿ, ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನ ಕಟ್ಟಿದ್ದು ನಿಮ್ಮ ತಂದೆಯವರಿಗೆ ನೆನಪಿರಬಹುದು. ಯೋಚನೆ ಒಳ್ಳೆಯದೇ. ಏರಿ, ತೂಬು, ಕೋಡಿ ರಿಪೇರಿಯೂ ಆದವು. ಆದರೆ ನಾನು ಓಡಾಡಿ ನೋಡಿದ ಊರುಗಳಲ್ಲಿ ಕಾಮಗಾರಿ ಮುಗಿದ ಮೇಲೆ ಸಂಘವೂ ಮಲಗಿದ್ದೇ ಹೆಚ್ಚು. ಎದ್ದಿರುವ ಕಡೆ ಸಂಘಕ್ಕೆ ಪ್ರತಿ ವರ್ಷ ಮಾಡಲೇಬೇಕಾದ ಒಂದು ಕೆಲಸ, ಅದಕ್ಕೆ ಬೇಕಾದ ಸಣ್ಣ ಆದಾಯ, ಎರಡೂ ಇವೆ.

ಆಂಧ್ರದ ಕರ್ನೂಲು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ರಾಬರ್ಟ್ ವೇಡ್ ಅನ್ನೋರು 1988ರಲ್ಲಿ ಒಂದು ಪುಸ್ತಕ ಬರೆದ್ರು. ಕಾಲುವೆಯ ತಲೆಭಾಗದ ಹಳ್ಳಿಗಳಿಗಿಂತ ಬಾಲಭಾಗದ ಹಳ್ಳಿಗಳು ಹೆಚ್ಚು ಸಂಘಟಿತವಾಗಿದ್ವು ಅಂತ ಅವರು ಕಂಡುಕೊಂಡ್ರು. ನೀರು ಬರುತ್ತೋ ಇಲ್ಲವೋ ಅನ್ನೋ ಭಯ ಇದ್ದ ಕಡೆ ಊರವರೇ ದುಡ್ಡು ಸೇರಿಸಿ ಸಾಮೂಹಿಕ ನೀರುಗಂಟಿಗಳನ್ನ, ಹೊಲ ಕಾಯುವವರನ್ನ ಇಟ್ಟಿದ್ರು. ನೀರು ಧಾರಾಳ ಇದ್ದ ಕಡೆ ಆ ತಲೆನೋವೇ ಬೇಡ ಅಂತ ಬಿಟ್ಟಿದ್ರು. ಅಂದ್ರೆ ಒಗ್ಗಟ್ಟು ಊರಿನ ಗುಣದಿಂದ ಬರೋದಲ್ಲ, ಅಗತ್ಯದಿಂದ ಬರೋದು. ನಿಮ್ಮ ಸಭೆಗೂ ಇದೇ ಸೂತ್ರ: ಕೆರೆ ಕೋಡಿ ಬಿದ್ದ ವರ್ಷ ಯಾರೂ ಬರಲ್ಲ, ಮುಕ್ಕಾಲು ತುಂಬಿ ನಿಂತ ವರ್ಷ ಬರ್ತಾರೆ.

ದಂಡದ ವಿಷಯ. ಎಲಿನಾರ್ ಆಸ್ಟ್ರಮ್ ಅಂತ ಅಮೆರಿಕದ ವಿದ್ವಾಂಸರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, ಜಗತ್ತಿನ ಬೇರೆ ಬೇರೆ ಕಡೆ ಜನರೇ ನೀರು, ಕಾಡು, ಹುಲ್ಲುಗಾವಲು ಸಂಭಾಳಿಸಿದ್ದನ್ನ ಹೋಲಿಸಿ ನೋಡಿದವರು. ಬಹುಕಾಲ ಉಳಿದ ವ್ಯವಸ್ಥೆಗಳಲ್ಲಿ ದಂಡ ಮೊದಲ ಸಲ ಚಿಕ್ಕದು, ಮತ್ತೆ ಮತ್ತೆ ತಪ್ಪಿದ್ರೆ ದೊಡ್ಡದು ಅನ್ನೋದು ಅವರು ಗುರುತಿಸಿದ ಅಂಶಗಳಲ್ಲಿ ಒಂದು. ನಮ್ಮ ಕಡೆ ಮಾಡೋದು ಉಲ್ಟಾ. ಮೊದಲ ತಪ್ಪಿಗೇ ಐದು ಸಾವಿರ ದಂಡ, ಮಾತು ಬಂದ್, ಅಂತ ಘೋಷಣೆ. ಅದನ್ನ ವಸೂಲಿ ಮಾಡೋ ಧೈರ್ಯ ಯಾರಿಗೂ ಇರಲ್ಲ, ಅಲ್ಲಿಗೆ ನಿಯಮವೇ ಬಿದ್ದುಹೋಗುತ್ತೆ. ರಾತ್ರಿ ತೂಬು ಎತ್ತಿದವರಿಗೆ ಮೊದಲ ಸಲ ಒಂದು ದಿನ ಕಾಲುವೆ ಹೂಳು ತೆಗೆಯೋ ಕೆಲಸ ಅಂತಿಟ್ಟರೆ ಸಾಕು, ಊರೆಲ್ಲಾ ನೋಡುತ್ತೆ.

ಮೊದಲ ಕೆಲಸ ಒತ್ತುವರಿ ತೆರವಲ್ಲ

ದಿಶಾಂಕ್ ಆಪ್ ಹಿಡ್ಕೊಂಡು ಕೆರೆಗೆ ನೀರು ತರುವ ರಾಜಕಾಲುವೆ ಮೇಲೆ ನಡೆದ್ರೆ ಯಾವ ಸರ್ವೆ ನಂಬರಿನಲ್ಲಿ ಕಾಲುವೆ ಮಾಯವಾಗಿದೆ ಅಂತ ಅರ್ಧ ದಿನದಲ್ಲಿ ಗೊತ್ತಾಗುತ್ತೆ. ಯುವಕರಿಗೆ ಅಲ್ಲಿಂದಲೇ ಶುರು ಮಾಡೋ ಉಮೇದು. ದಯವಿಟ್ಟು ಬೇಡ. ಊರು ಎರಡಾಗುತ್ತೆ, ಕೋರ್ಟಿಗೆ ಹೋಗುತ್ತೆ, ಕೆರೆ ಅಲ್ಲೇ ಇರುತ್ತೆ. ಮಾಹಿತಿ ಇಟ್ಟುಕೊಳ್ಳಿ, ಮುಂದಿನ ವರ್ಷ ಸಂಘಕ್ಕೆ ಸ್ವಲ್ಪ ಬಲ ಬಂದ ಮೇಲೆ ಅಳತೆಗೆ ತಹಶೀಲ್ದಾರ್ ಕಚೇರಿಗೆ ಎಲ್ಲರ ಸಹಿಯಿರುವ ಅರ್ಜಿ ಕೊಡಿ.

ಈ ವರ್ಷಕ್ಕೆ ಸಣ್ಣದು, ಒಂದೇ ವಾರದಲ್ಲಿ ಮುಗಿಯುವಂಥದ್ದು, ಎಲ್ಲಾ ಗುಂಪಿಗೂ ಲಾಭ ಇರುವಂಥದ್ದು ಹಿಡಿಯಿರಿ. ತೂಬಿನ ಸೋರಿಕೆ ನಿಲ್ಲಿಸೋದು ಅಂಥದ್ದು: ಸೋರುವ ತೂಬು ಗದ್ದೆಯವರಿಗೂ ನಷ್ಟ, ಮೀನಿನವರಿಗೂ ನಷ್ಟ, ಬೋರಿನವರಿಗೂ ನಷ್ಟ. ಏರಿ ಮೇಲಿನ ಬಳ್ಳಾರಿ ಜಾಲಿ ಕಡಿಯೋದು ಇನ್ನೊಂದು, ಯಾಕಂದ್ರೆ ಬೇರು ಇಳಿದ ಕಡೆ ಏರಿ ಸೋರೋಕೆ ದಾರಿ ಆಗುತ್ತೆ. ದೊಡ್ಡ ಮರವಾಗಿದ್ರೆ ಮಾತ್ರ ಬುಡ ಸಮೇತ ಕಿತ್ತು ಗುಂಡಿ ಬಿಡಬೇಡಿ, ಎಂಜಿನಿಯರ್ ಕೇಳಿ ಮಾಡಿ.

ವಾಟ್ಸಾಪ್ ಗ್ರೂಪ್ ಬೇಕಾ? ಬೇಕು, ಆದರೆ ಅಂಕಿಗೆ ಮಾತ್ರ. ಪ್ರತಿ ಭಾನುವಾರ ಬೆಳಿಗ್ಗೆ ಅಡಿಕಂಬದ ಒಂದು ಫೋಟೋ, ಅಷ್ಟೇ. ತೀರ್ಮಾನ ಮುಖಾಮುಖಿ ಸಭೆಯಲ್ಲಿ. ಗ್ರೂಪಲ್ಲಿ ಬರೆದ ಒಂದು ಒರಟು ಮಾತು ಆರು ತಿಂಗಳು ಉಳಿಯುತ್ತೆ, ಕಟ್ಟೆ ಮೇಲೆ ಆಡಿದ ಮಾತು ಟೀ ಬರೋ ಹೊತ್ತಿಗೆ ತಣ್ಣಗಾಗಿರುತ್ತೆ.

ಹೂಳಿನ ತಯಾರಿ ಈಗಲೇ

ಮೊದಲ ಕೆಲಸ ಮುಗಿಸಿದ ಊರುಗಳಿಗೆ ಎರಡನೆಯದು ಹೂಳು. ಒಂದು ಎಕರೆ ಜಾಗದಲ್ಲಿ ಒಂದು ಅಡಿ ತೆಗೆದ್ರೆ 43,560 ಘನ ಅಡಿ, ನೂರು ಘನ ಅಡಿ ಹಿಡಿಯುವ ಟ್ರೇಲರ್‌ಗೆ ಸುಮಾರು 435 ಲೋಡು. ಕೆಂಪು ಮರಳು ಮಿಶ್ರಿತ ಹೊಲಗಳಿಗೆ ಈ ಗೋಡು ಒಳ್ಳೆಯದು, ತೇವ ಹಿಡಿದಿಡುತ್ತೆ. ಕಪ್ಪು ಎರೆಗೆ ಹಾಕಿ ಪ್ರಯೋಜನವಿಲ್ಲ. ಊರಿನ ಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯ ಹೂಳನ್ನ ನಾನಂತೂ ನನ್ನ ತೋಟಕ್ಕೆ ಹಾಕಲ್ಲ. ಬೇರೆ ಕೆರೆಯದ್ದಾದ್ರೂ ಮೊದಲು ಮಣ್ಣು ಪರೀಕ್ಷೆಗೆ ಕೊಟ್ಟು ರಸಸಾರ, ಲವಣಾಂಶ ನೋಡಿಸಿ.

ಲೋಡಿನ ಲೆಕ್ಕ ಬಹಿರಂಗವಾಗಿರಲಿ: ಯಾರು ಎಷ್ಟು ಒಯ್ದರು, ಲೋಡಿಗೆ ಸಂಘಕ್ಕೆ ಎಷ್ಟು ಕೊಟ್ಟರು, ಅದೇ ಡೇರಿ ಗೋಡೆಯ ಮೇಲೆ. ಈ ಸಣ್ಣ ದುಡ್ಡೇ ನೀರುಗಂಟಿಯ ಸಂಬಳ. ಇಟ್ಟಿಗೆ ಗೂಡಿನವರು ಬಂದು "ನಾವೇ ಪುಕ್ಕಟೆ ತೆಗೀತೀವಿ" ಅಂದ್ರೆ ಖುಷಿ ಪಡೋ ಮೊದಲು ಅವರು ಎಲ್ಲಿ ಅಗೀತಾರೆ ನೋಡಿ. ಏರಿ ಬುಡದಲ್ಲಿ ಅಗೆದ್ರೆ ಏರಿಗೇ ಅಪಾಯ, ಒಂದೇ ಕಡೆ ಬಾವಿಯಂತೆ ಅಗೆದ್ರೆ ದನ, ಮಕ್ಕಳಿಗೆ ಅಪಾಯ.

ಅನುಮತಿಗೆ ಯಾರ ಹತ್ತಿರ ಹೋಗಬೇಕು ಅನ್ನೋದು ಕೆರೆಯ ಗಾತ್ರದ ಮೇಲೆ. ಸಾಮಾನ್ಯವಾಗಿ ಅಚ್ಚುಕಟ್ಟು 40 ಹೆಕ್ಟೇರ್, ಅಂದ್ರೆ ನೂರು ಎಕರೆ ಆಸುಪಾಸಿನವರೆಗೆ ಇರುವ ಕೆರೆಗಳು ಪಂಚಾಯತ್‌ರಾಜ್ ವ್ಯವಸ್ಥೆಯ ಕೈಯಲ್ಲಿ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯಲ್ಲಿ. ನೀರು ಹಿಂದೆ ಸರಿದು ಅಂಗಳ ಟ್ರ್ಯಾಕ್ಟರ್ ತಡೆಯುವಷ್ಟು ಗಟ್ಟಿಯಾಗೋದು ಮಾರ್ಚ್ ಕೊನೆ, ಏಪ್ರಿಲ್. ಮುಂಗಾರು ಪೂರ್ವ ಮಳೆ ಬೀಳೋ ಮೊದಲು ಸಿಗೋದು ನಾಲ್ಕೈದು ವಾರ ಅಷ್ಟೇ. ಅರ್ಜಿ ಜನವರಿಯಲ್ಲೇ ಕೊಟ್ಟಿರಿ. ಅರ್ಜಿಯ ಕೆಳಗೆ ಡೇರಿ, ಮೀನುಗಾರರ ಸಂಘ, ಸ್ವಸಹಾಯ ಸಂಘಗಳು, ಅಚ್ಚುಕಟ್ಟಿನ ರೈತರು, ಎಲ್ಲರ ಮೊಹರು ಸಹಿ ಇರಲಿ. ಒಂದು ಪ್ರತಿಗೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಅದರ ಫೋಟೋ ತೆಗೆದು ಭಾನುವಾರದ ಅಡಿಕಂಬದ ಜೊತೆ ಗ್ರೂಪಿಗೆ ಹಾಕಿ.